ಗಡಿಯ ಊರಿನಿಂದ ಇತಿಹಾಸಕಾರರಾಗುವುದು ಹೇಗೆ?

ರಾಯದುರ್ಗದ ಚರಿತ್ರೆ ತಿಳಿಯೋಣ ಎಂದು 1905ರ ಅನಂತಪುರ ಜಿಲ್ಲಾ ಗೆಜೆಟಿಯರ್ ತೆರೆದು ಕೂತರೆ ಅದರಲ್ಲಿ ರಾಯದುರ್ಗ ತಾಲ್ಲೂಕೇ ಇರುವುದಿಲ್ಲ. ಪುಸ್ತಕ ತಪ್ಪಿಲ್ಲ, ಆಗ ರಾಯದುರ್ಗ ಅನಂತಪುರಕ್ಕೆ ಸೇರಿರಲಿಲ್ಲ, ಅಷ್ಟೇ. ಅದನ್ನು ಬರೆದ ಡಬ್ಲ್ಯೂ. ಫ್ರಾನ್ಸಿಸ್ ಎಂಬ ಅಧಿಕಾರಿಯೇ ಒಂದು ವರ್ಷ ಮುಂಚೆ, 1904ರಲ್ಲಿ, ಹೊರತಂದ ಬಳ್ಳಾರಿ ಗೆಜೆಟಿಯರ್ ನೋಡಬೇಕು. ಮಡಕಶಿರಾದವರಿಗೆ ಈ ತಾಪತ್ರಯ ಇಲ್ಲ, ಅವರ ತಾಲ್ಲೂಕು ಅನಂತಪುರದ ಸಂಪುಟದಲ್ಲೇ ಇದೆ.

ಆಂಧ್ರ-ಕರ್ನಾಟಕ ಗಡಿಯ ನಮ್ಮ ಭಾಗದಲ್ಲಿ ಇತಿಹಾಸದ ಕೆಲಸಕ್ಕೆ ಇಳಿಯುವವರಿಗೆ ಮೊದಲ ಪಾಠ ಇದೇ. ಊರು ನಿಂತಲ್ಲೇ ನಿಂತಿದ್ದರೂ ಅದರ ಕಾಗದಪತ್ರ ಮಾತ್ರ ಚೆನ್ನೈ, ಮೈಸೂರು, ಬಳ್ಳಾರಿ, ಅನಂತಪುರ ಎಂದು ಚದುರಿಹೋಗಿದೆ. ಯಾವ ಕಾಲದ ಕಾಗದ ಯಾರ ಬಳಿ ಇದೆ ಎಂದು ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಡಿ. ಹಿರೇಹಾಳ್, ಬೊಮ್ಮನಹಾಳ್, ಕಣೇಕಲ್, ಗುಮ್ಮಗಟ್ಟ, ಮಡಕಶಿರಾ, ಅಮರಾಪುರಂ ಕಡೆ ಕನ್ನಡ ಓದಿ ತೆಲುಗಿನಲ್ಲಿ ವ್ಯವಹಾರ ಮಾಡುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಬೆಂಗಳೂರಿನ ದೊಡ್ಡ ಪ್ರಾಧ್ಯಾಪಕರಿಗೂ ಇಲ್ಲದ ಒಂದು ಅನುಕೂಲ ನಿಮಗಿದೆ, ಎರಡು ಭಾಷೆ ನಿಮಗೆ ಮನೆಯ ಅಂಗಳದಲ್ಲೇ ಬಂದಿವೆ.

ಹಂತ 1: ಊರು ಯಾರ ಕೈಯಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಇಸವಿಗಳನ್ನು ಬರೆಯಿರಿ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಅದಕ್ಕೇ. 1800ರಿಂದ 1807ರವರೆಗೆ ಥಾಮಸ್ ಮನ್ರೋ ಇಲ್ಲಿನ ಮುಖ್ಯ ಕಲೆಕ್ಟರ್. 1808ರಲ್ಲಿ ಸೀಮೆಯನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆ ಮಾಡಿದರು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಒಡೆಯಿತು. ಮಡಕಶಿರಾ ಅದರ ಜೊತೆ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಮಿಕ್ಕವು ಮೈಸೂರಿಗೆ ಬಂದವು. 1985ರಲ್ಲಿ ಆಂಧ್ರದಲ್ಲಿ ಮಂಡಲಗಳಾದವು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಇದೆ.

ಇದನ್ನು ಪರೀಕ್ಷೆಗೆ ಉರು ಹೊಡೆಯಬೇಕಿಲ್ಲ, ಇದು ಹುಡುಕಾಟದ ಬೀಗದ ಕೈ. ಡಿ. ಹಿರೇಹಾಳಿನ 1930ರ ಒಂದು ಕಡತ ಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದು ಕೇಳಬೇಕು. ‘ಅನಂತಪುರ’ ಎಂದು ಕೇಳಿದರೆ ಬರಿಗೈಯಲ್ಲಿ ರೈಲು ಹತ್ತುತ್ತೀರಿ. ಊರಿನ ಹೆಸರನ್ನೂ ಇಂದಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಹುಡುಕಬೇಡಿ. ಬ್ರಿಟಿಷರ ದಾಖಲೆಯಲ್ಲಿ ರಾಯದುರ್ಗ ‘ರಾಯದ್ರುಗ್’ ಆಗಿ ಕೂತಿರುತ್ತದೆ.

ಗೆಜೆಟಿಯರ್‌ಗಳಿಗಿಂತ ಹಳೆಯದು ಜಾನ್ ಕೆಲ್ಸಾಲ್ 1872ರಲ್ಲಿ ಬರೆದ ಬಳ್ಳಾರಿ ಜಿಲ್ಲಾ ಮ್ಯಾನ್ಯುಯಲ್. ಆಗ ಅನಂತಪುರ ಇನ್ನೂ ಒಡೆದಿರಲಿಲ್ಲವಾದ್ದರಿಂದ ಇದರಲ್ಲಿ ರಾಯದುರ್ಗ, ಮಡಕಶಿರಾ ಎರಡೂ ಸಿಗುತ್ತವೆ. ಇಂಥ ಹಳೆಯ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಓದಲು ದೊರೆಯುತ್ತವೆ, ಮೊಬೈಲ್ ಸಾಕು. ಓದುವಾಗ ಒಂದು ಎಚ್ಚರಿಕೆ ಇರಲಿ. ಕಂದಾಯ ವಸೂಲಿ ಮಾಡುವವನ ಕಣ್ಣಿಗೆ ಕಂಡಷ್ಟೇ ಊರು ಅಲ್ಲಿದೆ.

ಹಂತ 2: ಮೊದಲು ಮುದುಕರು, ಆಮೇಲೆ ಲೈಬ್ರರಿ

ಪುಸ್ತಕದಲ್ಲಿ ಹೀಗೆ ಹೇಳಿರುವುದಿಲ್ಲ. ಮೊದಲು ಓದು, ಆಮೇಲೆ ಕ್ಷೇತ್ರಕಾರ್ಯ ಎನ್ನುತ್ತಾರೆ. ಆದರೆ 1953ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಲೈಬ್ರರಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಕೇಳುವ ರೀತಿಯಲ್ಲೇ ಎಲ್ಲ ಇದೆ. “ತಾತ, ಆಂಧ್ರ ಆದದ್ದು ನೆನಪಿದೆಯಾ?” ಎಂದರೆ “ಹೂಂ, ಇಲ್ದೆ ಏನು” ಎಂದು ತಾತ ಬೀಡಿ ಹಚ್ಚುತ್ತಾರೆ, ಮಾತು ಮುಗಿಯಿತು. ಹೀಗೆ ಕೇಳಿ ನೋಡಿ: “ತಾತ, ನೀವು ಶೇಂಗಾ ಯಾವ ಊರಿನ ಮಂಡಿಗೆ ಹಾಕ್ತಿದ್ರಿ? ಬಳ್ಳಾರಿಗೋ, ರಾಯದುರ್ಗಕ್ಕೋ? ಕೋರ್ಟಿನ ಕಾಗದ ಯಾವ ಭಾಷೇಲಿ ಬರ್ತಿತ್ತು? ಯಾರ ಕೈಲಿ ಓದಿಸ್ತಿದ್ರಿ? ಮೇಷ್ಟ್ರು ಯಾವ ಊರಿನೋರು?” ಈಗ ತಾತನಿಗೆ ಮಂಡಿಯ ದಲಾಲಿ ಮಾಡಿದ ಮೋಸ ನೆನಪಾಗುತ್ತದೆ, ಅದರ ಹಿಂದೆ ಗಾಡಿಯ ಬಾಡಿಗೆ, ಅದರ ಹಿಂದೆ ರಸ್ತೆ, ರಸ್ತೆಯ ಹಿಂದೆ ಗಡಿ ತಾನಾಗಿ ಬರುತ್ತದೆ.

ಹೆಂಗಸರನ್ನು ಕೇಳದೆ ಬರೆದ ಪ್ರಾದೇಶಿಕ ಇತಿಹಾಸ ಅರ್ಧ ಸುಳ್ಳು ಎಂದೇ ನನ್ನ ಲೆಕ್ಕ. “ಅವ್ವಾ, ನಿಮ್ಮ ತವರು ಯಾವುದು? ನಿಮ್ಮತ್ತೆದು? ಸೊಸೆನ ಎಲ್ಲಿಂದ ತಂದ್ರಿ?” ಎಂದು ಮೂರು ತಲೆಮಾರಿನ ತವರೂರುಗಳನ್ನು ಬರೆದುಕೊಂಡು ನಕ್ಷೆಯ ಮೇಲೆ ಚುಕ್ಕೆ ಇಡಿ. ಬಳ್ಳಾರಿ, ಮೊಳಕಾಲ್ಮೂರು, ಶಿರಾ, ಪಾವಗಡದ ಕಡೆಗೆ ಎಷ್ಟು ಚುಕ್ಕೆ ಬೀಳುತ್ತವೆ, ಕಲ್ಯಾಣದುರ್ಗದ ಕಡೆಗೆ ಎಷ್ಟು ಎಂದು ನೋಡಿದರೆ ಸಾಕು. ಸರ್ಕಾರ ಎಳೆದ ಗೆರೆ ಜನರ ಬದುಕಿನಲ್ಲಿ ಯಾವಾಗ ಗೆರೆಯಾಯಿತು, ಆಯಿತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಆಫೀಸಿನಲ್ಲೂ ಇಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಕೇಳಿ. ಫೈಲಿಗೆ ಅಂದೇ ತಾರೀಕು, ಊರು, ವಯಸ್ಸು ಸೇರಿಸಿ ಹೆಸರಿಡಿ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಘಟನೆ ಇರುತ್ತದೆ. ಗಾಂಧಿ ಸತ್ತ ವರ್ಷವೋ, ಕಾಲುವೆಗೆ ಡ್ಯಾಮಿನ ನೀರು ಬಂದ ವರ್ಷವೋ ಎಂದು ಗೂಟ ಹಾಕಿಕೊಂಡು ಲೆಕ್ಕ ಹಿಡಿಯಿರಿ.

ಹಂತ 3: ಕಲ್ಲಿನ ಮುಂದೆ ಕೂರುವುದು

ಶಾಸನ ಓದಲು ಬಾರದವರೂ ಇತಿಹಾಸಕಾರರಾಗಬಹುದು. ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿ ಅದನ್ನು ಕಲಿಯದೆ ಇರುವುದು ನಷ್ಟ. ಮದ್ರಾಸ್ ಪ್ರಾಂತದಲ್ಲಿದ್ದ ಕನ್ನಡ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿದ್ದಾರೆ. ಅದರ ಮೊದಲ ಭಾಗ 1939ರಲ್ಲಿ ಬಂತು, ಸಂಪಾದಕರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ನಮ್ಮ ಊರುಗಳು ಸಿಗುವುದು ಅಪರೂಪ, ಅದು ಮುಖ್ಯವಾಗಿ ಮೈಸೂರು ಸಂಸ್ಥಾನದ್ದು. ಆದರೆ ನೆರೆಯ ಶಿರಾ, ಪಾವಗಡ, ಮೊಳಕಾಲ್ಮೂರಿನ ಶಾಸನಗಳು ಅಲ್ಲಿರುವುದರಿಂದ ಅದನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದರು. ರಾಯದುರ್ಗದಿಂದ ಅದು ದೂರವೇನಲ್ಲ.

ಲಿಪಿ ಕಲಿಯಲು ಎ.ವಿ. ನರಸಿಂಹಮೂರ್ತಿಯವರ ‘ಕನ್ನಡ ಲಿಪಿಯ ಉಗಮ ಮತ್ತು ವಿಕಾಸ’ ಒಳ್ಳೆಯ ಪುಸ್ತಕ. ಶಾಸನದಿಂದ ಬದುಕನ್ನು ಹೇಗೆ ಹೊರತೆಗೆಯಬೇಕು ಎಂಬುದಕ್ಕೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಓದಿ. ಕನ್ನಡ, ತೆಲುಗು ಎರಡಕ್ಕೂ ಬಹುಕಾಲ ಒಂದೇ ಲಿಪಿ ಇದ್ದುದರಿಂದ ಒಂದು ಕಲಿತರೆ ಎರಡು ಭಾಷೆಯ ಕಲ್ಲುಗಳೂ ಬಾಯಿ ಬಿಡುತ್ತವೆ.

ಕಾಲದ ಲೆಕ್ಕ ಒಂದನ್ನು ಕೈಯಾರೆ ಮಾಡಿ ನೋಡೋಣ. ರಾಯದುರ್ಗದ ಒಂದು ಜೈನ ಶಾಸನದಲ್ಲಿ ಭೋಗರಾಜ ಎಂಬಾತ ಶಾಂತಿನಾಥ ಜಿನೇಶ್ವರನನ್ನು ಪ್ರತಿಷ್ಠೆ ಮಾಡಿದ ವಿವರ ಇದೆ. ಅಲ್ಲಿ ಶಕವರ್ಷ 1277, ಮನ್ಮಥ ಸಂವತ್ಸರ ಎಂದಿದೆ. ಶಕಕ್ಕೆ 78 ಕೂಡಿಸಿದರೆ 1355. ಸರಿಯೋ ತಪ್ಪೋ ನೋಡಲು ಸಂವತ್ಸರ ಇದೆ. ನಮ್ಮ ಕಾಲದಲ್ಲಿ 2015ರ ಯುಗಾದಿಗೆ ಬಂದದ್ದು ಮನ್ಮಥ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, 2015ರಿಂದ 660 ಕಳೆದರೆ 1355. ಎರಡೂ ತಾಳೆಯಾಯಿತು. ತಾಳೆಯಾಗದಿದ್ದರೆ ಕಲ್ಲು ಸವೆದಿದೆ, ಇಲ್ಲವೇ ಓದಿದವರು ಎಡವಿದ್ದಾರೆ, ಇಲ್ಲವೇ ಕಲ್ಲೇ ಆಮೇಲಿನದು. ವಿಜಯನಗರ ಆಗಷ್ಟೇ ತಲೆಯೆತ್ತುತ್ತಿದ್ದ ದಿನಗಳಲ್ಲಿ ರಾಯದುರ್ಗದಲ್ಲಿ ಜೈನರು ಜಿನಮೂರ್ತಿಯ ಪ್ರತಿಷ್ಠೆ ಮಾಡುವಷ್ಟು ಅನುಕೂಲವಾಗಿದ್ದರು ಎಂಬ ಸಂಗತಿ ಆ ಒಂದು ಲೆಕ್ಕದಿಂದ ಸಿಕ್ಕಿತು.

ಹೊಸಬರು ಶಾಸನದ ಅಚ್ಚು ತೆಗೆಯಲು ಹೋಗಬೇಡಿ. ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಸವರುವ ಆ ಕೆಲಸವನ್ನು ಗುರುಗಳ ಜೊತೆ ಕಲಿಯಬೇಕು. ಸಂರಕ್ಷಿತ ಸ್ಮಾರಕದಲ್ಲಾದರೆ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ಸೀಮೆಸುಣ್ಣ, ಬಣ್ಣ, ಎಣ್ಣೆ ಬಳಿದು ಅಕ್ಷರ ಎದ್ದು ಕಾಣಿಸುವವರು ಕಲ್ಲಿಗೂ ಶತ್ರು, ಓದಿಗೂ ಶತ್ರು. ಅವರು ಅಕ್ಷರದ ಮೇಲಲ್ಲ, ತಮ್ಮ ಊಹೆಯ ಮೇಲೆ ಸುಣ್ಣ ಬಳಿದಿರುತ್ತಾರೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮುಂದೆ ಹಿಡಿಯದೆ ಪಕ್ಕಕ್ಕೆ ಹಿಡಿಯಿರಿ, ಬೆಳಕು ಕಲ್ಲಿನ ಮೈಮೇಲೆ ಸವರಿಕೊಂಡು ಹೋಗುವ ಹಾಗೆ. ಹಗಲಲ್ಲಿ ಬರೀ ಒರಟು ಕಲ್ಲಾಗಿದ್ದದ್ದರಲ್ಲಿ ಸಾಲು ಎದ್ದು ಬರುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ ಇದೆ. ಕೋಟೆ, ಹಾಳು ಗುಡಿಯ ಸುತ್ತ ಕತ್ತಲಲ್ಲಿ ಟಾರ್ಚು, ಟೇಪು ಹಿಡಿದು ಓಡಾಡಿದರೆ ನಮ್ಮ ಕಡೆ ಜನ ನಿಧಿ ಕಳ್ಳರೆಂದೇ ತಿಳಿಯುತ್ತಾರೆ. ಅವರದು ತಪ್ಪಲ್ಲ, ನಿಧಿ ಆಸೆಗೆ ಅಗೆದು ಹಾಳು ಮಾಡಿದ ಗುಡಿಗಳು ಬೇಕಾದಷ್ಟಿವೆ. ಊರಿನ ಯಜಮಾನರಿಗೆ, ಗ್ರಾಮ ಸಚಿವಾಲಯದವರಿಗೆ ಮೊದಲೇ ತಿಳಿಸಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ. ನೆಲದಲ್ಲಿ ನಾಣ್ಯವೋ ಮೂರ್ತಿಯೋ ಸಿಕ್ಕರೆ ಮನೆಗೆ ತರುವಂತಿಲ್ಲ, 1878ರ ನಿಧಿ ಕಾಯ್ದೆ ಪ್ರಕಾರ ಕಲೆಕ್ಟರಿಗೆ ತಿಳಿಸಬೇಕು.

ಹಂತ 4: ಅಟ್ಟದ ಮೇಲಿನ ಕಾಗದ

1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಆಂಧ್ರದಲ್ಲಿ ಊರ ಲೆಕ್ಕ ಬರೆಯುವ ಕರಣಂ, ಊರ ಮುನಸೀಬರ ವಂಶಪಾರಂಪರ್ಯದ ಹುದ್ದೆ ರದ್ದು ಮಾಡಿತು. ಲೆಕ್ಕದ ಪುಸ್ತಕಗಳನ್ನು ಒಪ್ಪಿಸಿದವರು ಒಪ್ಪಿಸಿದರು, ಮಿಕ್ಕವು ಎಷ್ಟೋ ಮನೆಗಳ ಅಟ್ಟದಲ್ಲಿ ಉಳಿದವು. ಅಂಥ ಮನೆಗೆ ಹೋದರೆ ಆಸ್ತಿ ತಗಾದೆಗೆ ಬಂದವರೆಂದು ಅನುಮಾನಿಸುತ್ತಾರೆ. “ಕಾಗದ ನಿಮ್ಮಲ್ಲೇ ಇರಲಿ, ನಿಮ್ಮ ಎದುರೇ ಫೋಟೊ ತೆಗೀತೀನಿ” ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಅಲ್ಲಿ ಏನೇನು ಸಿಗಬಹುದು? ಹೊಲ, ಬೆಳೆಯ ಲೆಕ್ಕದ ಅಡಂಗಲ್, ರೀಸೆಟಲ್‌ಮೆಂಟ್ ರಿಜಿಸ್ಟರ್, ಕಿರ್ದಿ ಪುಸ್ತಕ, ದೇವರ ಮಾನ್ಯದ ಪತ್ರ. ಅದೃಷ್ಟ ಇದ್ದರೆ ಬಟ್ಟೆಯ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಚಿದ ಕಪ್ಪು ಪುಸ್ತಕ ಅದು, ಬರೆಯುತ್ತಿದ್ದದ್ದು ಬಳಪದಲ್ಲಿ. ಬೆರಳು ತಾಗಿದರೆ ಅಕ್ಷರ ಅಳಿಸುತ್ತದೆ. ಮುಟ್ಟಬೇಡಿ, ಒರೆಸಬೇಡಿ, ಮೊದಲು ಫೋಟೊ.

ಕಂದಾಯದ ಕಾಗದದಲ್ಲಿ ವರ್ಷ ಫಸಲಿಯಲ್ಲಿರುತ್ತದೆ. 590 ಕೂಡಿಸಿದರೆ ಇಸವಿ ಬರುತ್ತದೆ, ಫಸಲಿ ವರ್ಷ ಜುಲೈ 1ಕ್ಕೆ ಶುರು. ಫಸಲಿ 1363 ಎಂದರೆ 1953ರ ಜುಲೈಯಿಂದ ಮುಂದಿನ ಜೂನ್‌ವರೆಗೆ. ಅಂದರೆ ರಾಯದುರ್ಗ ತಾಲ್ಲೂಕಿನ ಆ ಒಂದು ಫಸಲಿಯೊಳಗೇ ರಾಜ್ಯವೂ ಜಿಲ್ಲೆಯೂ ಬದಲಾಗಿವೆ. ಆ ವರ್ಷದ ಪುಸ್ತಕ ಎಲ್ಲಾದರೂ ಸಿಕ್ಕರೆ ಪುಟ ಪುಟವೂ ನೋಡಿ. ಮೊಹರು ಯಾವಾಗ ಬದಲಾಯಿತು, ಕೈಬರಹ ಯಾವ ಭಾಷೆಯಲ್ಲಿ ಮುಂದುವರಿಯಿತು ಎಂಬುದೇ ಒಂದು ಲೇಖನಕ್ಕಾಗುತ್ತದೆ.

ಗುಡಿ, ಮಠ, ದರ್ಗಾ, ಕೆರೆ ಕಾಯುವವರ ಮಾನ್ಯಗಳಿಗೆ 1858ರಲ್ಲಿ ಶುರುವಾದ ಇನಾಂ ಕಮಿಷನ್ನಿನ ರಿಜಿಸ್ಟರ್‌ಗಳು ಚಿನ್ನದ ಗಣಿ. ಯಾರಿಗೆ, ಯಾವ ಕೆಲಸಕ್ಕೆ, ಯಾವ ಅರಸ ಕೊಟ್ಟ ಭೂಮಿ ಎಂದು ಅದರಲ್ಲಿ ಕೇಳಿ ಬರೆದಿದ್ದಾರೆ. ಅದಕ್ಕೂ ಹಿಂದಿನದಕ್ಕೆ ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಿವೆ. ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದರು. ಕೈಫಿಯತ್ತಿನಲ್ಲಿ ಊರಿನವರು ತಮ್ಮ ಊರನ್ನು ಕೃತಯುಗದಿಂದ ಶುರು ಮಾಡುತ್ತಾರೆ, ಅದನ್ನು ಕಂಡು ನಗಬೇಡಿ. ಪಾಳೆಯಗಾರರ ಹೊತ್ತಿಗೆ ಬರುವಾಗ ಅವರ ಮಾತು ಬಿಗಿಯಾಗುತ್ತದೆ.

ಹಂತ 5: ಪೇಟೆ ಓದುವುದು

ನಗರ ಚರಿತ್ರೆ ಎಂದರೆ ಬೆಂಗಳೂರು, ಮೈಸೂರು ಎಂದುಕೊಳ್ಳುವವರು ಒಮ್ಮೆ ಅಮರಾಪುರಂ ಮಂಡಲದ ಹೇಮಾವತಿಗೆ ಹೋಗಿಬರಬೇಕು. ನೊಳಂಬವಾಡಿ 32,000ವನ್ನು ಆಳಿದ ನೊಳಂಬರ ರಾಜಧಾನಿ ಹೆಂಜೇರು ಇದೇ. ಈಗ ಕರ್ನಾಟಕದ ಶಿರಾ ತಾಲ್ಲೂಕಿಗೆ ಅಂಟಿಕೊಂಡ ಒಂದು ಹಳ್ಳಿ. ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳಿವೆ. ದೊಡ್ಡೇಶ್ವರನ ಮುಂದಿನ ನಂದಿಯ ನುಣುಪು ನೋಡಿದರೆ ಆ ಕಾಲದ ಕಲ್ಲುಕುಟಿಗರ ಕೈ ತಿಳಿಯುತ್ತದೆ. ನೊಳಂಬರ ವಂಶಾವಳಿ ಕೊಡುವ ಕಂಬದ ಶಾಸನ ಸಿಕ್ಕಿದ್ದೂ ಇಲ್ಲಿಯೇ. ಇಲ್ಲಿನ ಶಿಲ್ಪಗಳಲ್ಲಿ ಹಲವು ಚೆನ್ನೈ ಮ್ಯೂಸಿಯಂ ಸೇರಿವೆ, ಅವುಗಳ ಮೇಲೆ ಸಿ. ಶಿವರಾಮಮೂರ್ತಿ 1964ರಲ್ಲೇ ಪುಸ್ತಕ ಬರೆದರು. ಗುಡಿ, ಶಿಲ್ಪದ ಬಗ್ಗೆ ಓದಲು ಬೇಕಾದಷ್ಟಿದೆ. ನೀವು ಬೇರೆ ಪ್ರಶ್ನೆ ಕೇಳಿ. ರಾಜಧಾನಿಯ ಜನ ನೀರು ಎಲ್ಲಿಂದ ಕುಡಿದರು? ಅಂಗಡಿ ಬೀದಿ ಎಲ್ಲಿತ್ತು? ಕೆರೆ ಮೊದಲೋ ಗುಡಿ ಮೊದಲೋ? ಒಂದು ನಗರ ಹಳ್ಳಿಯಾಗುವುದು ಹೇಗೆ ಎಂಬ ಪ್ರಶ್ನೆ, ಹಳ್ಳಿ ನಗರವಾಗುವುದು ಹೇಗೆ ಎಂಬುದಕ್ಕಿಂತ ಕಷ್ಟದ್ದು. ಅದನ್ನು ಕೇಳಲು ಹೇಮಾವತಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬದುಕಿರುವ ಪೇಟೆಗೆ ರಾಯದುರ್ಗವನ್ನೇ ಹಿಡಿಯಿರಿ. ಬೆಟ್ಟದ ಬುಡದಿಂದ ರೈಲ್ವೆ ಸ್ಟೇಷನ್ ಕಡೆಗೆ ನಡೆಯುತ್ತಾ ಬನ್ನಿ. ಬಾಗಿಲ ಮೇಲೆ ಗಾರೆಯಲ್ಲಿ ಮೂಡಿಸಿದ ಇಸವಿ, ಛತ್ರದ ಕಲ್ಲು, ಬಾವಿ, ಬೀದಿಯ ಹೆಸರು, ಅಂಗಡಿ ಬೋರ್ಡಿನ ಭಾಷೆ ಎಲ್ಲ ಗುರುತು ಹಾಕಿಕೊಳ್ಳಿ. ಮನೆಗಳ ಇಸವಿಗಳನ್ನು ನಕ್ಷೆಗೆ ಇಳಿಸಿದರೆ ಪೇಟೆ ಯಾವ ದಿಕ್ಕಿಗೆ, ಯಾವಾಗ ಬೆಳೆಯಿತೆಂದು ಕಣ್ಣಿಗೆ ಕಾಣುತ್ತದೆ. ಮುನಿಸಿಪಾಲಿಟಿಯ ಮನೆಗಂದಾಯದ ಹಳೆಯ ರಿಜಿಸ್ಟರ್‌ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮಗ್ಗದ ಊರು ಜೀನ್ಸ್ ಹೊಲಿಯುವ ಊರಾದದ್ದು ಹೇಗೆ, ಬಟ್ಟೆ ಎಲ್ಲಿಂದ ಬರುತ್ತದೆ, ಹೊಲಿಯುವ ಹೆಂಗಸರು ಯಾವ ಹಳ್ಳಿಯವರು ಎಂಬುದನ್ನು ಇನ್ನೂ ಯಾರಾದರೂ ಕನ್ನಡದಲ್ಲಿ ಚೆನ್ನಾಗಿ ಬರೆಯಲಿ ಎಂದು ಕಾಯುತ್ತಿದ್ದೇನೆ. ದೊಡ್ಡ ಊರಿನ ಮಾದರಿ ಬೇಕಿದ್ದರೆ ಜಾನಕಿ ನಾಯರ್ ಇಪ್ಪತ್ತನೆಯ ಶತಮಾನದ ಬೆಂಗಳೂರಿನ ಬಗ್ಗೆ 2005ರಲ್ಲಿ ಬರೆದ ಇಂಗ್ಲಿಷ್ ಪುಸ್ತಕ ನೋಡಿ.

ಹಳೆಯ ನಕ್ಷೆಗೆ ಬೆಲೆ ಇಲ್ಲ ಎನ್ನುವವರಿಗೆ ಡಿ. ಹಿರೇಹಾಳ್ ಮಂಡಲದಲ್ಲೇ ಉತ್ತರ ಇದೆ. ಓಬಳಾಪುರಂ ಗಣಿ ಪ್ರಕರಣದಲ್ಲಿ ಎರಡು ರಾಜ್ಯಗಳ ಗಡಿ ಎಲ್ಲಿ ಎಂಬುದೇ ತಗಾದೆಯಾಗಿ, ಸರ್ವೆ ಆಫ್ ಇಂಡಿಯಾ ಮತ್ತೆ ಅಳೆಯಬೇಕಾಯಿತು.

ಹಂತ 6: ಸಣ್ಣದು ಬರೆಯಿರಿ

‘ರಾಯದುರ್ಗ: ಒಂದು ಸಮಗ್ರ ಅಧ್ಯಯನ’ ಎಂಬ ಹೆಸರಿಟ್ಟ ದಿನವೇ ಆ ಪುಸ್ತಕ ಸತ್ತಿತು ಎಂದುಕೊಳ್ಳಿ. ಒಂದು ಕೆರೆ, ಒಂದು ಸಂತೆ, ಒಂದು ವೀರಗಲ್ಲು, ಒಂದು ಶಾಲೆ ಸಾಕು. ಪ್ರತಿ ವಾಕ್ಯಕ್ಕೂ ‘ಇದು ನನಗೆ ಹೇಗೆ ಗೊತ್ತು?’ ಎಂದು ಕೇಳಿಕೊಳ್ಳಿ. ಉತ್ತರ ಕಲ್ಲು, ಕಾಗದ, ಬಾಯಿಮಾತು ಮೂರರಲ್ಲಿ ಯಾವುದೂ ಅಲ್ಲದಿದ್ದರೆ ಆ ವಾಕ್ಯ ಹೊಡೆದುಹಾಕಿ. ನಮ್ಮ ಜಾತಿಯ ಹಿರಿಮೆ, ನಮ್ಮ ಭಾಷೆಯ ಹಿರಿಮೆ ಸಾಧಿಸಲು ಹೊರಟವರು ಗಡಿಯ ಎರಡೂ ಬದಿಯಲ್ಲಿ ಇದ್ದಾರೆ, ಅವರ ಸಾಲಿಗೆ ಸೇರಬೇಡಿ. ಬರೆದದ್ದನ್ನು ಕರ್ನಾಟಕ ಇತಿಹಾಸ ಅಕಾಡೆಮಿಯ ಸಮ್ಮೇಳನಕ್ಕೆ ಒಯ್ಯಿರಿ. ಅಲ್ಲಿ ಹಿರಿಯರು ಬೈಯುತ್ತಾರೆ, ಬೈಸಿಕೊಂಡರೆ ಲಾಭ.

ಹಂತ 7: ಓದು, ಪರೀಕ್ಷೆ, ಸಂಬಳ

ಮನೆಯವರು ಕೇಳುವುದು ಇದನ್ನೇ. ಇತಿಹಾಸದಲ್ಲಿ ಬಿ.ಎ., ಎಂ.ಎ. ಮಾಡಿ. ಹತ್ತಿರದಲ್ಲಿ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇವೆ. ಕನ್ನಡದಲ್ಲೇ ಪಿಎಚ್.ಡಿ. ಬರೆಯಬೇಕಿದ್ದರೆ ಹಂಪಿ ಇದೆ. ಕೆಲವು ಕೋರ್ಸುಗಳಿಗೆ ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇರುತ್ತದೆ, ಅರ್ಜಿ ಹಾಕುವ ಮುಂಚೆ ವಿಚಾರಿಸಿ. ಶಾಸನಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಡಿಪ್ಲೊಮಾ ಮಾಡಿಕೊಂಡರೆ ಒಳ್ಳೆಯದು.

ಕಾಲೇಜು ಅಧ್ಯಾಪಕರಾಗಲು ಎಂ.ಎ.ಯಲ್ಲಿ ಶೇ. 55 ಅಂಕ (ಮೀಸಲಾತಿಯವರಿಗೆ 50) ಮತ್ತು ನೆಟ್ ಅಥವಾ ಸೆಟ್ ಬೇಕು. ಗಡಿಯವರು ಇಲ್ಲಿ ಜಾಗ್ರತೆ. ಕರ್ನಾಟಕದ ಕೆ-ಸೆಟ್ ಆಂಧ್ರದಲ್ಲಿ ನಡೆಯದು, ಆಂಧ್ರದ ಸೆಟ್ ಕರ್ನಾಟಕದಲ್ಲಿ ನಡೆಯದು, ನೆಟ್ ಮಾತ್ರ ಎರಡೂ ಕಡೆ ನಡೆಯುತ್ತದೆ. ಆದರೆ ನೆಟ್‌ನ ಇತಿಹಾಸ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುವುದರಿಂದ ಎಂ.ಎ. ಮೊದಲ ವರ್ಷದಿಂದಲೇ ಇಂಗ್ಲಿಷ್ ಪುಸ್ತಕ ಓದುವ ರೂಢಿ ಇಟ್ಟುಕೊಳ್ಳಿ. ಜೆ.ಆರ್.ಎಫ್. ಬಂದರೆ ತಿಂಗಳಿಗೆ 37,000 ರೂಪಾಯಿ, ಸಂಶೋಧನೆಗೆ ಅದು ದೊಡ್ಡ ಆಸರೆ. ಅದಲ್ಲದೆ ಮೈಸೂರಿನಲ್ಲಿ ಮುಖ್ಯ ಕಚೇರಿ ಇರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗ, ಪತ್ರಾಗಾರ, ಮ್ಯೂಸಿಯಂ, ರಾಜ್ಯಗಳ ಪುರಾತತ್ವ ಇಲಾಖೆಗಳಲ್ಲಿ ಕೆಲಸಗಳುಂಟು. ಹುದ್ದೆಗಳು ಕಡಿಮೆ, ಕಾಯುವವರು ಜಾಸ್ತಿ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಳೆಯುವವರೂ ಇದ್ದಾರೆ. ಆದ್ದರಿಂದ ಬಿ.ಎಡ್. ಮಾಡಿಕೊಳ್ಳಿ ಎನ್ನುವ ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಕನ್ನಡದಲ್ಲಿ ಊರ ಚರಿತ್ರೆ ಬರೆದವರಲ್ಲಿ ಶಾಲಾ ಮೇಷ್ಟ್ರುಗಳದು ದೊಡ್ಡ ಪಾಲು.

ಎಂ.ಎ. ಸೀಟಿಗೆ ಇನ್ನೂ ಕಾಲ ಇದೆ. ಈ ವಾರ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಊರಿನಲ್ಲಿ ಕರಣಂ ಆಗಿದ್ದವರ ಮನೆ ಯಾವುದೆಂದು ವಿಚಾರಿಸಿ, ಹಳೆಯ ಕಾಗದ ಇದ್ದರೆ ಮನೆ ರಿಪೇರಿಗೆ ಮುಂಚೆ, ಗುಜರಿಯವನು ಬರುವುದಕ್ಕೆ ಮುಂಚೆ ಒಮ್ಮೆ ತೋರಿಸಿ ಎಂದು ಕೇಳಿಕೊಳ್ಳಿ.